ಕುರ್ಚಿ ಕೊಟ್ಟರೂ ಕೂರದವರು

ಶ್ರದ್ಧಾಂಜಲಿಯ ಫ್ಲೆಕ್ಸ್‌ನಲ್ಲಿ ಅವರ ಫೋಟೋದ ಕೆಳಗೆ ‘ಮೃದು ಸ್ವಭಾವದ, ಸದಾ ನಗುಮೊಗದ’ ಎಂದು ಬರೆಸಿದ್ದಾರೆ. ಎರಡೂ ಸುಳ್ಳು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವುದು ನನಗೂ ಗೊತ್ತು. ನಾನು ಆಡಬೇಕೆಂದಿರುವುದೂ ಒಳ್ಳೆಯದನ್ನೇ. ಆದರೆ ಅವರು ಮೃದುವಾಗಿದ್ದಿದ್ದರೆ ನನ್ನ ಓದು ಮೊದಲನೇ ವರ್ಷಕ್ಕೇ ನಿಂತುಹೋಗುತ್ತಿತ್ತು, ಇವತ್ತು ಗೌರಿಬಿದನೂರಿನಲ್ಲಿ ಸ್ಟಾಫ್ ನರ್ಸ್ ಆಗಿ ನಾನು ಇರುತ್ತಿರಲಿಲ್ಲ. ಆ ಗಟ್ಟಿತನವನ್ನು ಒರೆಸಿಹಾಕಿ ನಗುಮೊಗ ಅಂಟಿಸಿದರೆ ನಾನು ಸುಮ್ಮನಿರುವವಳಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಚಿಕ್ಕಬಳ್ಳಾಪುರದ ಯಾವ ನರ್ಸಿಂಗ್ ಕಾಲೇಜು ಎಂದು ಎಲ್ಲರಿಗೂ ತಿಳಿಯುತ್ತದೆ, ಅಲ್ಲಿ ಇನ್ನೂ ನಮ್ಮೂರಿನ ಕಡೆಯ ಹುಡುಗಿಯರು ಓದುತ್ತಿದ್ದಾರೆ. ನಾವು ಅವರನ್ನು ಆಫೀಸ್ ಮೇಡಂ ಎಂದು ಕರೆಯುತ್ತಿದ್ದೆವು. ಪಾಠ ಮಾಡುವವರಲ್ಲ. ಅಡ್ಮಿಷನ್, ಸ್ಟಡಿ ಸರ್ಟಿಫಿಕೇಟ್, ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಇಷ್ಟನ್ನು ನೋಡಿಕೊಳ್ಳುತ್ತಿದ್ದ ಕ್ಲರ್ಕು. ಚಿಂತಾಮಣಿಯವರು, ಮನೆಮಾತು ತೆಲುಗು, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಕುಳ್ಳಗಿನ ಗಟ್ಟಿ ಆಳು. ಎಣ್ಣೆ ಹಾಕಿ ಬಿಗಿದ ತುರುಬಿನಲ್ಲಿ ಹೂವಿರುತ್ತಿರಲಿಲ್ಲ, ಪೆನ್ನಿರುತ್ತಿತ್ತು. ಬಲಗೈಗೆ ಗಂಡಸರ ವಾಚು ಕಟ್ಟುತ್ತಿದ್ದರು. ಯಾರಾದರೂ ಅದರ ಬಗ್ಗೆ ಕೇಳಿದರೆ, ಟೈಮ್ ಸರಿಯಾಗಿ ತೋರಿಸ್ತದೆ, ಅಷ್ಟೇ, ಎನ್ನುತ್ತಿದ್ದರು.

ಅವರ ಮೇಜು ಇದ್ದದ್ದು ಮೆಟ್ಟಿಲ ಕೆಳಗೆ, ಅನಾಟಮಿ ಲ್ಯಾಬಿನ ಬಾಗಿಲಿನ ಪಕ್ಕ. ನಮ್ಮ ಕಾಲೇಜಿನವರಿಗೆ ಸ್ಕಾಲರ್‌ಶಿಪ್ ಎಂದರೆ ಅಷ್ಟಕ್ಕಷ್ಟೇ. ಫೀಸು ಕೈಗೆ ಕೊಡುವ ಹುಡುಗಿ ಅವರಿಗೆ ಸಲೀಸು, ‘ಸ್ಕಾಲರ್‌ಶಿಪ್ ಬಂದ ಮೇಲೆ ಕಟ್ತೀನಿ’ ಎನ್ನುವ ಹುಡುಗಿ ತಲೆನೋವು. ಸರ್ಕಾರದಿಂದ ಸುತ್ತೋಲೆ ಬಂದರೆ ಯಾರೂ ಹಾಯದ ಮೂಲೆಯಲ್ಲಿದ್ದ ಗಾಜಿನ ಬೋರ್ಡಿನೊಳಗೆ ಹಾಕಿ ಬೀಗ ಹಾಕುತ್ತಿದ್ದರು. ಹಾಕಿದ್ದೇವೆ ಎನ್ನಲು ಹಾಕಿದ್ದು, ಓದಲಿ ಎಂದು ಹಾಕಿದ್ದಲ್ಲ. ಮೇಡಂ ಅದರ ಜೆರಾಕ್ಸ್ ಮಾಡಿಸಿ, ದಾರ ಪೋಣಿಸಿ, ಲ್ಯಾಬಿನ ಅಸ್ಥಿಪಂಜರದ ಕೊರಳಿಗೆ ತೂಗುಹಾಕಿದರು. ಮೊದಲನೇ ವರ್ಷದವರು ಇವನ ಹತ್ತಿರ ಬರಲೇಬೇಕಲ್ಲ ಎಂಬುದು ಅವರ ಲೆಕ್ಕ. ಇವನ ಕೊರಳಿಗೆ ಯಾಕೆ ಮೇಡಂ ಎಂದು ಒಬ್ಬಳು ಕೇಳಿದಳು.

“ಇವನೂ ಕೊನೇ ದಿನ ಅರ್ಜಿ ಹಾಕಣ ಅಂತ ಕೂತಿದ್ದ ಕಣಮ್ಮ,” ಎಂದರು. ಮುಖದಲ್ಲಿ ನಗು ಇಲ್ಲ.

ಪ್ರಿನ್ಸಿಪಾಲರು ಅದನ್ನು ತೆಗೆಸಿದರು. ಮಾರನೇ ದಿನ ಮತ್ತೆ ನೇತಾಡುತ್ತಿತ್ತು. ಮೂರನೇ ಸಲ ತೆಗೆಸುವ ಹೊತ್ತಿಗೆ ಕೊರಳ ಮೂಳೆಗಳ ಹೆಸರಿನ ಜೊತೆಗೆ ಸುತ್ತೋಲೆಯೂ ನಮಗೆ ಬಾಯಿಪಾಠವಾಗಿತ್ತು.

ಅರ್ಜಿ ಅವರೇ ತುಂಬಿಕೊಡುತ್ತಿದ್ದರು ಎಂದುಕೊಳ್ಳಬೇಡಿ. ಒಬ್ಬಳಿಗೂ ತುಂಬಿಕೊಟ್ಟವರಲ್ಲ. ಸೈಬರ್ ಅಂಗಡಿಯವನಿಗೆ ಫೋನೂ ಪಾಸ್‌ವರ್ಡೂ ಒಪ್ಪಿಸಿ ಬರುವವರನ್ನು ಕಂಡರೆ ಅವರಿಗೆ ಉರಿದುಹೋಗುತ್ತಿತ್ತು. ಪಾಸ್‌ವರ್ಡನ್ನು ಮುಂದೆ ಕಟ್ಟಿಕೊಳ್ಳುವ ಗಂಡನಿಗೂ ಹೇಳಬಾರದು ಎಂದು ತಾಕೀತು. ಸುತ್ತೋಲೆಯನ್ನು ನಮ್ಮ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ಸರ್ಕಾರದ ಕನ್ನಡ ನಿಮಗೆ ಗೊತ್ತಲ್ಲ, ಒಂದು ವಾಕ್ಯ ಮುಗಿಯುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಅರ್ಥವಾಗಲಿಲ್ಲ ಎಂದರೆ ಇನ್ನೊಮ್ಮೆ ಓದು ಎನ್ನುತ್ತಿದ್ದರು. ಎಲ್ಲ ಓದಿಯಾದ ಮೇಲೆ ಅವರದ್ದು ಒಂದೇ ಪ್ರಶ್ನೆ: “ಈ ಕಾಗದದಲ್ಲಿ ನೀನೆಲ್ಲಿದೀಯಾ, ತೋರ್ಸು.” ನಮ್ಮ ವರ್ಗ, ನಮ್ಮ ಕೋರ್ಸು, ನಮ್ಮ ಮನೆಯ ಆದಾಯ, ಹಾಸ್ಟೆಲ್ಲೋ ಮನೆಯೋ, ಯಾವ ಸಾಲಿನಲ್ಲಿ ನಮ್ಮ ಮಾತು ಬಂದಿದೆ ಎಂದು ಬೆರಳಿಟ್ಟು ತೋರಿಸಬೇಕಿತ್ತು. ತೋರಿಸಲಾಗದಿದ್ದರೆ ಊಟದ ಡಬ್ಬಿ ತೆಗೆಯುವಂತಿರಲಿಲ್ಲ. ನಾನು ಒಂದು ಮಧ್ಯಾಹ್ನ ಅಳುತ್ತಲೇ ಬೆರಳಿಟ್ಟಿದ್ದೇನೆ.

ಇನ್ನೊಂದು ಪಾಠ ಕಚೇರಿಗಳಿಗೆ ಹೋದಾಗಿನದು. ಕುರ್ಚಿ ಕೊಟ್ಟರೆ ಕೂರಬಾರದು. ಕೂತವರನ್ನು ಮರೆತುಬಿಡ್ತಾರೆ, ಎದುರಿಗೆ ನಿಂತಿದ್ದರೆ ಅವರಿಗೇ ಇರುಸುಮುರುಸಾಗಿ ಫೈಲು ತೆಗೀತಾರೆ ಎಂಬುದು ಅವರು ಕಂಡುಕೊಂಡ ಸತ್ಯ. ಜಗಳ ಬೇಡ, ಜೋರು ಬೇಡ, ನಿಲ್ಲಬೇಕು ಅಷ್ಟೇ. ಆಮೇಲೆ, ಕೊಟ್ಟ ಅರ್ಜಿಗೆ ಸ್ವೀಕೃತಿ ಚೀಟಿ ಕೈಗೆ ಬರುವವರೆಗೂ ಅಲ್ಲಿಂದ ಕಾಲು ಕೀಳಬಾರದು. ಸಂಕೋಚಪಡುವವರಿಗೆ ಅವರ ತೆಲುಗು ಗಾದೆಯೊಂದು ಸದಾ ಸಿದ್ಧವಿತ್ತು: ‘ಅಡಗಂದೇ ಅಮ್ಮೈನಾ ಪೆಟ್ಟದು.’ ಕೇಳದೆ ಹೋದರೆ ಹೆತ್ತಮ್ಮನೂ ಬಡಿಸುವುದಿಲ್ಲ.

ಈಗ ನನ್ನ ಮಾತಿಗೆ ಬರುತ್ತೇನೆ.

ನಮ್ಮದು ಜಂಗಮಕೋಟೆ. ಸ್ವಲ್ಪ ಹಿಪ್ಪುನೇರಳೆ ತೋಟ, ಎರಡು ಹಸು, ರೇಷ್ಮೆ ಹುಳ. ನಮ್ಮಪ್ಪನಿಗೆ ಮರ್ಯಾದೆಯ ವಿಷಯದಲ್ಲಿ ಮೂಗಿನ ತುದಿಯಲ್ಲೇ ಕೋಪ. ಮೊದಲನೇ ವರ್ಷದ ಫೀಸು ಹೇಗೋ ಕಟ್ಟಿ, ಎರಡನೇ ವರ್ಷಕ್ಕೆ ಸ್ಕಾಲರ್‌ಶಿಪ್ ಬಂದರೆ ಓದು, ಇಲ್ಲದಿದ್ದರೆ ಅಕ್ಕನ ಮದುವೆ ಮುಗಿಸಿ ನಿನಗೂ ಗಂಡು ನೋಡಣ ಎಂದು ಮೊದಲೇ ಹೇಳಿದ್ದರು. ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದೆ. ವಿಚಾರಣೆಗೆ ವಿಲೇಜ್ ಅಕೌಂಟೆಂಟ್ ಮನೆಗೆ ಬರಬೇಕಿತ್ತು. ಅವರು ಬಂದ ಗಳಿಗೆ ಎಂಥದ್ದೆಂದರೆ, ಚಿಂತಾಮಣಿಯಿಂದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದು ನಮ್ಮ ಜಗಲಿಯ ಮೇಲೆ ಕೂತಿದ್ದರು. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ.

ಬೈಕು ನಿಲ್ಲಿಸಿ, ಕಾಗದ ತೆಗೆದು, ವರ್ಷಕ್ಕೆ ಆದಾಯ ಎಷ್ಟು ಬರುತ್ತೆ ಎಂದು ಆ ಮನುಷ್ಯ ಎಲ್ಲರೆದುರೇ ಕೇಳಿದರು. ಅಪ್ಪ ಒಮ್ಮೆ ಗಂಡಿನ ತಂದೆಯ ಕಡೆ ನೋಡಿದರು. ಆ ಸಲದ ಬೆಳೆಗೆ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಒಳ್ಳೆ ರೇಟು ಸಿಕ್ಕಿತ್ತು. ಆ ಒಂದು ಬೆಳೆಯ ರೇಟು ಹಿಡಿದು, ವರ್ಷವಿಡೀ ಎಲ್ಲ ಬೆಳೆಯೂ ಹಾಗೇ ಬಂತು ಎನ್ನುವಂತೆ ಗುಣಿಸಿ ಹೇಳಿದರು. ಮೇಲೆ ಹಸುಗಳದ್ದನ್ನೂ ಸೇರಿಸಿದರು. ನಮಗೇನು ಕಮ್ಮಿ ಸಾರ್, ಬರ್ಕೊಳ್ಳಿ ಎಂದರು. ಅವರು ಬರೆದುಕೊಂಡು ಹೋದರು. ಅಕ್ಕನ ಸಂಬಂಧ ಕುದುರಿತು. ನನಗೆ ಬಂದ ಪ್ರಮಾಣಪತ್ರದಲ್ಲಿದ್ದ ಅಂಕಿ ಸ್ಕಾಲರ್‌ಶಿಪ್‌ನ ಮಿತಿಯನ್ನು ದಾಟಿ ಎಲ್ಲೋ ಹೋಗಿತ್ತು. ಅದನ್ನೇ ಹಾಕಿ ಅರ್ಜಿ ಸಲ್ಲಿಸಿದೆ, ಫೋನಿಗೆ ‘ತಿರಸ್ಕೃತ’ ಎಂದು ಬಂತು.

ಮೇಡಂ ಮುಂದೆ ಆ ಕಾಗದ ಹಿಡಿದು ನಿಂತಾಗ ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಸಿಲ್ಕ್ ಫ್ಯಾಕ್ಟರಿ ಓನರ್ ಮಗಳೇನೇ ನೀನು, ಎಂದರು. ನಾನು ಜಗಲಿಯ ಕಥೆ ಹೇಳಿದೆ. ನಗುತ್ತಾರೇನೋ ಎಂದುಕೊಂಡೆ, ನಗಲಿಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಮರುವಿಚಾರಣೆ ಕೇಳಬಹುದು, ಆದರೆ ನಿಮ್ಮಪ್ಪ ಬಂದು ಹೇಳಿಕೆ ಕೊಡಬೇಕು, ಅಕ್ಕಪಕ್ಕದವರ ಎದುರು ಮಹಜರು ಆಗಬೇಕು ಎಂದು ವಿವರಿಸಿದರು. ಅಪ್ಪನಿಗೆ ಹೇಳಿದೆ. ಬೀಗರ ಮುಂದೆ ಆಡಿದ ಮಾತನ್ನು ಊರವರ ಮುಂದೆ ವಾಪಸು ತೆಗೆದುಕೊಳ್ಳುವ ಮಗ ನಾನಲ್ಲ ಎಂದುಬಿಟ್ಟರು. ಅಕ್ಕನ ಮದುವೆ ಇನ್ನೂ ಆಗಿರಲಿಲ್ಲ. ಕಾಲೇಜು ಬಿಡು ಎಂದರು. ಅಮ್ಮ ಏನೋ ಹೇಳಲು ಹೋಗಿ ಬೈಸಿಕೊಂಡರು. ಮೂರು ದಿನ ನಾನು ಕಾಲೇಜಿಗೆ ಹೋಗಲಿಲ್ಲ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಇದ್ದೆ.

ನಾಲ್ಕನೇ ದಿನ ಮಧ್ಯಾಹ್ನ ಮೇಡಂ ಬಸ್ಸಿಳಿದು ವಿಚಾರಿಸಿಕೊಂಡು ನಮ್ಮ ಮನೆಗೇ ಬಂದರು.

ಹುಳ ನಾಲ್ಕನೇ ಜ್ವರ ಕಳೆದು ಎದ್ದಿತ್ತು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಗೂಡು ಕಟ್ಟುವ ಮುಂಚಿನ ಹಸಿವು. ಆ ವಾರ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಮಾತಿಗೆ ಪುರುಸೊತ್ತಿಲ್ಲ. ಹೊರಗಿನವರನ್ನು ಹುಳದ ಮನೆಗೆ ಬಿಡುವುದೂ ಇಲ್ಲ, ರೋಗ ತಗಲುತ್ತದೆ ಎಂಬ ಭಯ. ಅಪ್ಪನಿಗೆ ಅದೇ ಅನುಕೂಲವಾಯಿತು. ಒಳಗೇ ಸೊಪ್ಪು ಹರಡುತ್ತಾ ಇದ್ದರು. ಅಮ್ಮ ಅಂಗಳದಲ್ಲಿ ಕುರ್ಚಿ ಹಾಕಿದರು. ಮೇಡಂ ಕೂರಲಿಲ್ಲ. ಹುಳದ ಮನೆಯ ಹೊಸ್ತಿಲಿನ ಹೊರಗೆ, ಬಿಸಿಲಿನಲ್ಲಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತರು. ಅಮ್ಮ ಕಾಫಿ ತಂದುಕೊಟ್ಟರೆ ನಿಂತೇ ಕುಡಿದರು. ಅಪ್ಪ ಒಂದು ಸಾಲು ತಟ್ಟೆಗಳಿಗೆ ಸೊಪ್ಪು ಹಾಕಿ ಮುಗಿಸಿದರು, ಎರಡನೆಯದನ್ನೂ ಮುಗಿಸಿದರು. ಮೂರನೇ ಸಾಲಿನ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ.

“ಮೇಡಂ, ಸುಮ್ನೆ ಯಾಕೆ ಬಿಸಿಲಲ್ಲಿ ನಿಂತಿದೀರಾ. ನಾವು ಬೇಡಿ ಓದಿಸೋ ಮನೆಯವರಲ್ಲ.”

ಮೇಡಂ ಪಕ್ಕದ ಗೋಡೆಯನ್ನು ನೋಡುತ್ತಿದ್ದರು. ಅಲ್ಲಿ ನೀಲಿ ಬಣ್ಣದಲ್ಲಿ, ಸರ್ಕಾರದ ಸಹಾಯಧನದಲ್ಲಿ ಕಟ್ಟಿದ ಹುಳು ಸಾಕಾಣಿಕೆ ಮನೆ ಎಂದು ಬರೆದು, ಕೆಳಗೆ ಫಲಾನುಭವಿ ಎಂದು ಅಪ್ಪನ ಹೆಸರು ಇತ್ತು. ನಮ್ಮ ಕಡೆ ಅರ್ಧ ಊರಿನ ಹುಳದ ಮನೆಗಳ ಮೇಲೆ ಆ ಬರಹ ಇದೆ. ಸಬ್ಸಿಡಿ ಸಿಕ್ಕಿತು ಎಂಬುದು ನಮ್ಮಲ್ಲಿ ಹೆಮ್ಮೆಯ ಸಂಗತಿ, ಅಪ್ಪನೇ ನಿಂತು ಅಕ್ಷರ ದಪ್ಪಗೆ ಬರೆಸಿದ್ದರು.

“ಅಣ್ಣಾ,” ಎಂದರು ಮೇಡಂ, “ಹುಳಕ್ಕೆ ಕೇಳಿದಾಗ ಹೋಗದ ಮರ್ಯಾದೆ, ಮಗಳಿಗೆ ಕೇಳಿದ್ರೆ ಹೆಂಗೆ ಹೋಗ್ತದೆ?”

ಅಪ್ಪನ ಕೈಯಲ್ಲಿ ಸೊಪ್ಪು ಹಾಗೇ ಇತ್ತು. ನನಗೆ ಭಯವಾಯಿತು. ಅಪ್ಪನ ಜೊತೆ ಹಾಗೆ ಮಾತಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೇಡಂ ದನಿ ಏರಿಸದೆ ಮುಂದುವರಿಸಿದರು. ಸುಳ್ಳು ಹೇಳಿ ಎಂದು ಕೇಳಲು ಬಂದಿಲ್ಲ, ಕಮ್ಮಿನೂ ಬೇಡ, ಜಾಸ್ತಿನೂ ಬೇಡ, ವರ್ಷದಲ್ಲಿ ಎಷ್ಟು ಬೆಳೆ ಎತ್ತಿದಿರಿ, ಎಷ್ಟು ಕೈಕೊಟ್ಟವು, ಮಾರುಕಟ್ಟೆಯ ಚೀಟಿ ಎಲ್ಲಾ ತಗೊಂಡು ಸೋಮವಾರ ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಬನ್ನಿ, ಇದ್ದದ್ದು ಇದ್ದ ಹಾಗೆ ಹೇಳಿ. ಅಷ್ಟು ಹೇಳಿ, ಬರ್ತೀನಿ ಅಣ್ಣ ಎಂದು ಹೊರಟೇಬಿಟ್ಟರು.

ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಇಷ್ಟು ದೂರ ಯಾಕೆ ಬಂದ್ರಿ ಮೇಡಂ ಎಂದು ಕೇಳಿದೆ. ಥ್ಯಾಂಕ್ಸ್ ಹೇಳಲು ಬಾರದೆ ಕೇಳಿದ ಪ್ರಶ್ನೆ ಅದು. ಹಿಂದಿನ ವರ್ಷ ನಗರಗೆರೆಯ ಹುಡುಗಿಯೊಬ್ಬಳಿಗೂ ಹೀಗೇ ಕಾಗದದ ತೊಂದರೆಯಾಗಿತ್ತಂತೆ. ನಿನ್ನ ಅರ್ಜಿ, ನೀನೇ ಓಡಾಡು ಎಂದು ಇವರು ಗದರಿಸಿ ಕಳಿಸಿದರಂತೆ. ಹುಡುಗಿ ಹೆದರಿದವಳು, ಕಚೇರಿಯ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡದೆ ವಾಪಸು ಬಂದಳು. ತಾರೀಖು ಮುಗಿಯಿತು. ಮತ್ತೆ ಕಾಲೇಜಿಗೆ ಬರಲಿಲ್ಲ, ಮದುವೆ ಮಾಡಿಬಿಟ್ಟರು.

“ಒಂದು ಸಲ ನಗರಗೆರೆಗೆ ಹೋಗಿದ್ರೆ ಆಗ್ತಿತ್ತು. ನಾನು ಹೋಗ್ಲಿಲ್ಲ. ಅದು ನನ್ನ ತಪ್ಪು ಕಣೇ,” ಎಂದರು. ಆ ಹುಡುಗಿಯ ಅರ್ಧ ತುಂಬಿದ ಅರ್ಜಿ ಅವರ ಮೇಜಿನ ಮೊದಲ ಡ್ರಾಯರಿನಲ್ಲಿತ್ತು. ಆಮೇಲೆ ನಾನೇ ಕಂಡಿದ್ದೇನೆ. ಡ್ರಾಯರು ಎಳೆದಾಗಲೆಲ್ಲ ಮೊದಲು ಕಣ್ಣಿಗೆ ಬೀಳಲಿ ಎಂದು ಎಲ್ಲದರ ಮೇಲೆ ಇಟ್ಟಿದ್ದರು.

ಸೋಮವಾರ ಅಪ್ಪ ಬಿಳಿ ಅಂಗಿ ಹಾಕಿಕೊಂಡರು. ಚೀಟಿಗಳ ಕಟ್ಟು ಕೈಯಲ್ಲಿತ್ತು. ತಾಲ್ಲೂಕು ಕಚೇರಿಯಲ್ಲಿ ಮೇಡಂ ನಮಗಿಂತ ಮುಂಚೆ ಬಂದಿದ್ದರು. ಅವರೇ ಮಾತಾಡುತ್ತಾರೆ ಎಂದು ನಾನಿದ್ದರೆ, ಅವರು ಗೋಡೆಯ ಪಕ್ಕ ಹೋಗಿ ನಿಂತುಬಿಟ್ಟರು. “ಅರ್ಜಿ ನಿಂದು, ಬಾಯಿನೂ ನಿಂದೇ. ನಾನಿಲ್ಲೇ ಇರ್ತೀನಿ, ಹೋಗು,” ಎಂದರು. ಗದರಿಸುವುದನ್ನು ಅವರು ಬಿಟ್ಟಿರಲಿಲ್ಲ, ಆದರೆ ಈ ಸಲ ಜೊತೆಗೆ ಬಂದು ಗದರಿಸಿದ್ದರು. ಗುಮಾಸ್ತರು ನಾಳೆ ಬನ್ನಿ ಎಂದರು. ಅಪ್ಪ ಅವರು ತೋರಿಸಿದ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ನಾನು ನಿಂತೆ. ಪ್ರಮಾಣಪತ್ರದಲ್ಲಿ ಒಂದೇ ಬೆಳೆ ನೋಡಿ ವರ್ಷದ ಲೆಕ್ಕ ಬರೆದಿದ್ದಾರೆ, ಉಳಿದ ಬೆಳೆಗಳ ಚೀಟಿ ಇಲ್ಲಿದೆ, ಮರುವಿಚಾರಣೆ ಬೇಕು ಎಂದು ಹೇಳಿದೆ. ಸ್ವೀಕೃತಿ ಕೊಡಿ ಸಾರ್ ಎಂದೆ. ಇನ್ನೊಮ್ಮೆ ಎಂದೆ. ಊಟದ ಹೊತ್ತಿಗೆ ಅವರು ಬೇಸರದಿಂದ ಸೀಲು ಒತ್ತಿಕೊಟ್ಟರು. ಮುಂದಿನ ವಾರ ಅದೇ ಜಗಲಿಯ ಮೇಲೆ ಮಹಜರು ನಡೆಯಿತು, ಅಪ್ಪ ಹೇಳಿಕೆ ಕೊಟ್ಟರು, ಅಕ್ಕಪಕ್ಕದವರು ಸಹಿ ಹಾಕಿದರು, ಚಿಂತಾಮಣಿಯ ಬೀಗರಿಗೆ ಸುದ್ದಿ ಮುಟ್ಟದ ಹಾಗೆ ನೋಡಿಕೊಂಡರು. ಅಷ್ಟು ಒಳ್ಳೆಯತನ ನಮ್ಮೂರಿಗಿದೆ. ತಿದ್ದಿದ ಪ್ರಮಾಣಪತ್ರ ಕೊನೆಯ ತಾರೀಖಿಗೆ ಮುಂಚೆ ಬಂತು, ಮತ್ತೆ ಅರ್ಜಿ ಹಾಕಿದೆ, ಸ್ಕಾಲರ್‌ಶಿಪ್ ಬಂತು. ಓದು ನಿಲ್ಲಲಿಲ್ಲ.

ಕೆಲಸದ ದಿನ ಕಚೇರಿ ಬಿಟ್ಟು ವಿದ್ಯಾರ್ಥಿನಿಯ ಮನೆಗೂ ತಾಲ್ಲೂಕು ಕಚೇರಿಗೂ ಹೋಗಿದ್ದಕ್ಕೆ ಮೇಡಂಗೆ ಕಾಲೇಜಿನಿಂದ ಮೆಮೊ ಬಂತು. ಅದನ್ನು ಓದಿ, ತಾರೀಖು ಹಾಕಿ ಸಹಿ ಮಾಡಿ, ನನಗೂ ಒಂದು ಸೀಲು ಹಾಕಿದ ಪ್ರತಿ ಕೊಡಿ ಎಂದು ಪ್ರಿನ್ಸಿಪಾಲರ ಮೇಜಿನ ಮುಂದೆ ನಿಂತರಂತೆ. ಕೊಡುವವರೆಗೂ ನಿಂತಿದ್ದರಂತೆ. ರಿಟೈರ್ ಆಗುವವರೆಗೆ ಅವರ ಮೇಜು ಮೆಟ್ಟಿಲ ಕೆಳಗೇ ಉಳಿಯಿತು, ಹೋಗುವಾಗ ಒಂದು ಹಾರವನ್ನೂ ಹಾಕಲಿಲ್ಲ. ಅದೇ ಕಾಲೇಜಿನವರು ಈಗ ನಗುಮೊಗದ ಫ್ಲೆಕ್ಸ್ ಹಾಕಿಸಿದ್ದಾರೆ.

ಅವರು ನಕ್ಕದ್ದನ್ನು ನಾನು ಒಂದೇ ಸಲ ನೋಡಿದ್ದು, ನನ್ನ ಕೋರ್ಸು ಮುಗಿದ ದಿನ. ಕಾರ್ಯಕ್ರಮಕ್ಕೆ ಅಪ್ಪ ಬಂದಿದ್ದರು. ಯಾರೋ ನೆಂಟರಿಗೆ, ಗೂಡು ಮಾರಿ ಮಾರಿ ಓದಿಸಿದೆ ಕಣಪ್ಪ ಇವಳನ್ನ, ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಎರಡು ಹೆಜ್ಜೆ ಹಿಂದೆ ಮೇಡಂ ಇದ್ದರು. ನಾಚಿಕೆಯಿಂದ ನನ್ನ ಮುಖ ಸುಟ್ಟಿತು. ಓಡಿಹೋಗಿ ತಪ್ಪಾಯ್ತು ಮೇಡಂ ಎಂದೆ. ಅವರು ನಕ್ಕರು, ಹಲ್ಲು ಕಾಣುವಷ್ಟು.

“ಇರ್ಲಿ ಬಿಡೇ. ನಿನ್ನ ಅರ್ಜಿ ಪಾಸಾಯ್ತಲ್ಲ. ನಿಮ್ಮಪ್ಪಂದು ಇನ್ನೂ ಪೆಂಡಿಂಗ್ ಇದೆ.”

ಆಮೇಲೂ ಅಪ್ಪ ಗೂಡು ಮಾರಿದ ಕಥೆಯನ್ನೇ ಹೇಳಿಕೊಂಡು ಬಂದರು. ಅಕ್ಕನ ಗಂಡನ ಮನೆಯಲ್ಲಂತೂ ತಪ್ಪದೆ ಹೇಳುತ್ತಿದ್ದರು. ನಾನು ಸಿಟ್ಟನ್ನು ನುಂಗಿಕೊಂಡು ಕೇಳುತ್ತಿದ್ದೆ.

ಮೊನ್ನೆ ಚಿಂತಾಮಣಿಯಲ್ಲಿ ಮೇಡಂ ಅವರ ಹನ್ನೊಂದನೇ ದಿನದ ಕಾರ್ಯ. ಹೋಗುತ್ತೇನೆ ಎಂದಾಗ ಅಪ್ಪ ನಾನೂ ಬರ್ತೀನಿ ಎಂದರು. ಅದೇ ಊರಿನವರಾದ್ದರಿಂದ ಅಕ್ಕನ ಮಾವ, ಅಂದರೆ ಆವತ್ತು ಜಗಲಿಯ ಮೇಲೆ ಉಪ್ಪಿಟ್ಟು ತಿಂದಿದ್ದ ಬೀಗರು, ದಾರಿ ತೋರಿಸಲು ಜೊತೆಗೆ ಬಂದರು. ಶಾಮಿಯಾನದ ಬಾಯಲ್ಲಿ ಆ ಫ್ಲೆಕ್ಸ್ ಇತ್ತು. ಅಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಪೂರ್ತಿ ಓದಿದರು.

“ಈಯಮ್ಮ ಮೆತ್ತಗಿದ್ರು ಅಂತ ಯಾರು ಬರ್ದಿದ್ದು?” ಎಂದರು.

ಒಳಗೆ ಮೇಡಂ ಅವರ ತಮ್ಮ ಬಂದವರನ್ನು ಮಾತಾಡಿಸುತ್ತಿದ್ದರು. ಅಪ್ಪನನ್ನು ನೋಡಿ, ಗೊತ್ತಾಗಲಿಲ್ಲ, ತಾವು ಅಕ್ಕನಿಗೆ ಏನಾಗಬೇಕು ಎಂದು ಕೇಳಿದರು. ಕಾಲೇಜಿನವರೂ ಅಲ್ಲೇ ಕೂತಿದ್ದರು, ಬೀಗರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅಪ್ಪ ಗೂಡಿನ ಕಥೆ ಶುರುಮಾಡುತ್ತಾರೆ ಎಂದು ನಾನು ತಲೆ ತಗ್ಗಿಸಿದೆ.

“ನಾನು ಜಂಗಮಕೋಟೆಯವನಪ್ಪ. ನನ್ನ ಮಗಳು ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ ನರ್ಸ್ ಓದಿದ್ಲು. ನಾನು ಬೇಡ ಅಂದಿದ್ದೆ. ನನ್ನ ಬಾಯಲ್ಲಿ ಕೇಳ್ಸಿದ್ದು ನಿಮ್ಮಕ್ಕ.” ಆಮೇಲೆ ಬೀಗರ ಕಡೆ ತಿರುಗಿದರು. “ಆವತ್ತು ನಿಮ್ಮ ಮುಂದೆ ಆದಾಯ ಜಾಸ್ತಿ ಹೇಳಿದ್ದೆ ಬೀಗ್ರೇ. ಅಷ್ಟು ನಮಗೆ ಯಾವತ್ತೂ ಬಂದಿಲ್ಲ.”

ಬೀಗರು ತಲೆಯಾಡಿಸಿದರು. ಮೇಡಂ ಅವರ ತಮ್ಮ ನಮ್ಮಪ್ಪನ ಕೈ ಹಿಡಿದುಕೊಂಡು, ನೀವು ಕೂತ್ಕೊಳ್ಳಿ ಯಜಮಾನ್ರೇ ಎಂದು ಕುರ್ಚಿ ಎಳೆದರು. ಅಪ್ಪನಿಗೆ ಈಗ ಮಂಡಿ ನೋವು, ಹತ್ತು ನಿಮಿಷ ನಿಂತರೆ ಕಾಲು ಊದುತ್ತದೆ.

“ಬೇಡಪ್ಪ,” ಎಂದರು. “ಇಲ್ಲಿ ನಿಂತೇ ಇರ್ತೀನಿ.”